ಹರಿಯುವ ನೀರಿನ ಮೈಲಿಗೆ

ಹೊಸಪೇಟೆಯಲ್ಲಿ ಮನೆ ಮಾಡಿದವನಿಗೆ ನೆಂಟರನ್ನು ಹಂಪಿಗೆ ಕರೆದೊಯ್ಯುವುದು ತಪ್ಪದ ಕರ್ತವ್ಯ. ಕಳೆದ ಕಾರ್ತಿಕದಲ್ಲಿ ಮೈಸೂರಿನಿಂದ ಸೋದರಮಾವ ಬಂದಿದ್ದರು. ಚಕ್ರತೀರ್ಥದಲ್ಲಿ ಮಿಂದು, ಬೊಗಸೆಯಲ್ಲಿ ನೀರೆತ್ತಿದರು. “ಕುಡಿಯಬೇಡಿ ಮಾವ” ಎಂದೆ. “ಹರಿಯುವ ನೀರಿಗೆ ಮೈಲಿಗೆಯೇನಯ್ಯಾ?” ಎಂದು ನಕ್ಕು ಕುಡಿದೇಬಿಟ್ಟರು.

ಮಾವನ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಬಾಡಿದ ಹೂವು, ಸೆಗಣಿ, ತರಗೆಲೆ ಇವನ್ನೆಲ್ಲ ನದಿಯು ಗಾಳಿ ಬಿಸಿಲುಗಳ ಮತ್ತು ಕಣ್ಣಿಗೆ ಕಾಣದ ಜೀವಾಣುಗಳ ನೆರವಿನಿಂದ ಜೀರ್ಣಿಸಿಕೊಳ್ಳಬಲ್ಲದು. ನಾವು ಪ್ರಯೋಗಶಾಲೆಯಲ್ಲಿ ಮಾಡಿದ್ದೆಲ್ಲವನ್ನೂ ಅರಗಿಸುವ ವಿದ್ಯೆ ಅದಕ್ಕೆ ತಿಳಿಯದು. ಡಿ.ಡಿ.ಟಿ. ನೀರಿನಲ್ಲಿ ಕರಗಲೊಲ್ಲದು, ಮಣ್ಣಿನ ಕಣಕ್ಕೆ ಅಂಟಿ ಸಾಗುತ್ತದೆ, ಕೊಬ್ಬಿನಲ್ಲಿ ನೆಲೆಯೂರುತ್ತದೆ. ಹುಳುವಿನಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ದಾಟುವಾಗ ಮೆಟ್ಟಿಲು ಮೆಟ್ಟಿಲಿಗೂ ಹೆಚ್ಚುತ್ತದೆ. 1962ರಲ್ಲಿ ಅಮೆರಿಕದ ರೇಚಲ್ ಕಾರ್ಸನ್ ಇದನ್ನು ಬರೆದಾಗ ಔಷಧದ ಕಂಪನಿಗಳು ಆಕೆಯ ಮೇಲೆ ಹರಿಹಾಯ್ದವು. ನಮ್ಮ ದೇಶದ ಬೇಸಾಯದಿಂದ ಅದನ್ನು ಹೊರಹಾಕಿದ್ದು 1989ರಲ್ಲಿ. ಈಗಿನ ಔಷಧಗಳು ಬಹುಮಟ್ಟಿಗೆ ಅಷ್ಟು ಹಠಮಾರಿಗಳಲ್ಲ, ನಿಜ. (ವಿಷವನ್ನು ‘ಔಷಧ’ವೆಂದೇ ಕರೆಯುವ ನಮ್ಮ ಸೌಜನ್ಯ ದೊಡ್ಡದು!) ಆದರೂ ಗದ್ದೆಯ ಬಸಿನೀರು ಹೊಳೆಗೇ ಇಳಿಯುತ್ತದೆ. ಹಂಪಿಗೆ ಮೇಲೆ ಹರಿಹರದ ಗದ್ದೆಗಳು, ಕೆಳಗೆ ಕಂಪ್ಲಿಯ ಗದ್ದೆಗಳು. ಅದಕ್ಕೂ ಕೆಳಗೆ ಕರ್ನೂಲು.

ಸಂಡೂರಿನ ಕೆಂಧೂಳಿಗಾದರೋ ವಿಳಾಸವಿತ್ತು. ಅದು ಕಣ್ಣಿಗೆ ಕಂಡಿತು, ಒಣಹಾಕಿದ ಪಂಚೆಗೆ ಹತ್ತಿತು, ಲಾರಿಗೆ ಮಾಲೀಕರಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಮಿತಿ ಹಾಕಿ ಬಿಟ್ಟುಕೊಟ್ಟಿತು. ಸಾವಿರ ಗದ್ದೆಗಳಿಂದ ತೊಟ್ಟು ತೊಟ್ಟಾಗಿ ಇಳಿದುದಕ್ಕೆ ಯಾರ ಮೇಲೆ ದಾವೆ ಹೂಡುವುದು? ನನ್ನ ಪಾಲು ಅಳತೆಗೇ ಸಿಗದಷ್ಟು ಸಣ್ಣದಾದರೆ ನಾನು ನಿರ್ದೋಷಿಯೆ? ಹಂಚಿಕೊಂಡಷ್ಟೂ ತಪ್ಪು ತೆಳುವಾಗುತ್ತದೆಂದು ನಾವು ನಂಬಿದ್ದೇವೆ. ಹಕ್ಕಿಯ ಕೊಬ್ಬಿನಲ್ಲಿ ಅದು ಮತ್ತೆ ಒಟ್ಟುಗೂಡುತ್ತದೆ.

ಹಿಂದೊಮ್ಮೆ ಕಂಪ್ಲಿಯಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಜಿಗಿಹುಳಕ್ಕೆ ಔಷಧ ಹೊಡೆಯುತ್ತಿದ್ದರು. ತುಸು ಉಪದೇಶದ ಧಾಟಿಯಲ್ಲೇ ಕೇಳಿದೆ. ಅವರು ಬದುವಿನ ಮೇಲೆ ನಿಂತು, “ಹೊಡೀಲಿಲ್ಲಂದ್ರ ಬೆಳಿ ಹೋಗತೈತ್ರಿ. ಕಪ್ಪು ಚುಕ್ಕಿ ಇದ್ದ ಅಕ್ಕಿ ನೀವು ತಗೋತೀರೇನ್ರಿ ಸರ?” ಅಂದರು. ಪಾಠ ಹೇಳಿ ರೂಢಿಯಾದ ನಾಲಗೆಗೆ ಉತ್ತರ ಸಿಗಲಿಲ್ಲ. ಅಂಗಡಿಯಲ್ಲಿ ಅಕ್ಕಿಯನ್ನು ಅಂಗೈಗೆ ಸುರಿದುಕೊಂಡು ನಾನು ನೋಡುವುದು ಬಿಳುಪನ್ನೇ.

ಅಂದು ಹಂಪಿಯಿಂದ ಮರಳಿ ಊಟಕ್ಕೆ ಕುಳಿತಾಗ ಮಾವ, “ಎಲ್ಲಿಯ ಅಕ್ಕಿಯಯ್ಯಾ ಇದು? ಅನ್ನ ಮಲ್ಲಿಗೆಯ ಹಾಗಿದೆ” ಎಂದರು. ಕಂಪ್ಲಿಯದು ಎಂದೆ. ಇನ್ನಷ್ಟು ಬಡಿಸಿಕೊಂಡರು, ನಾನೂ ಬಡಿಸಿಕೊಂಡೆ.