ಬೆಂಕಿಗೆ ಮೊದಲು ಬಾವಿ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ. ಈ ಗಾದೆಯನ್ನು ನಾವು ಬಳಸುವುದು ಹೆಚ್ಚಾಗಿ ಇನ್ನೊಬ್ಬರನ್ನು ಹಂಗಿಸಲು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಬಿಚ್ಚಿದ ಮಗನಿಗೆ, ಮದುವೆ ವಾರವಿದೆ ಎನ್ನುವಾಗ ಛತ್ರ ಹುಡುಕುವ ಭಾವನಿಗೆ. ಹೇಳಿ ನಕ್ಕರೆ ಗಾದೆಯ ಕೆಲಸ ಮುಗಿಯಿತು. ಆದರೆ ಪಾಲಿಕೆ ಚುನಾವಣೆಗೆ ನಿಂತವರ ಕರಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಇದೇ ಮಾತನ್ನು ಓದಿದರೆ ಬೇರೊಂದು ತಕರಾರು ಏಳುತ್ತದೆ: ಬೆಂಕಿ ಬೀಳುವ ಮೊದಲೇ ಬಾವಿ ತೋಡುತ್ತೇನೆ ಎಂದವನಿಗೆ ನಾವು ಯಾವಾಗ ಓಟು ಹಾಕಿದ್ದೇವೆ?

ಬೆಂಗಳೂರಿನ ಹೊರವಲಯವನ್ನೇ ನೋಡಿ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, ಜೊತೆಗೆ 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿತು. ವರ್ತೂರು, ಬೆಳ್ಳಂದೂರು, ಹೊರಮಾವು ಎಲ್ಲವೂ ಅಂದಿನಿಂದ ನಗರ. ತೆರಿಗೆ ಬೇಗ ಬಂತು, ಅಪಾರ್ಟ್‌ಮೆಂಟುಗಳು ಅದರ ಬೆನ್ನಿಗೇ ಎದ್ದವು. ಆ ಹಳ್ಳಿಗಳಿಗೆಂದೇ ಹಾಕಿಕೊಂಡ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಡುವಿನ 17 ವರ್ಷ ಅಲ್ಲಿನ ಬಹುಪಾಲು ಮನೆಗಳು ನಡೆದದ್ದು ಕೊಳವೆಬಾವಿ ಮತ್ತು ಟ್ಯಾಂಕರಿನ ಮೇಲೆ. 2023ರಲ್ಲಿ ಮಳೆ ಕೈಕೊಟ್ಟಿತು. 2024ರ ಮಾರ್ಚ್ ಹೊತ್ತಿಗೆ, ಸರ್ಕಾರವೇ ಹೇಳಿದಂತೆ, ನಗರದ ಸುಮಾರು 14 ಸಾವಿರ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದ್ದವು. ಐದು ಕಿಲೋಮೀಟರ್ ಒಳಗಾದರೆ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ಎಂದು ಜಿಲ್ಲಾಡಳಿತ ದರ ಗೊತ್ತುಮಾಡಬೇಕಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ.

ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ ಅನ್ನಿಸಬಹುದು. ನನಗೆ ಅರ್ಧ ಮಾತ್ರ ಹೊಂದುತ್ತದೆ ಅನ್ನಿಸುತ್ತದೆ. ಬೆಂಕಿ ಹೇಳಿಕೇಳಿ ಬರುವಂಥದ್ದಲ್ಲ. ನಗರ ಬೆಳೆಯುವುದು ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ನಕ್ಷೆಗೆ ಮೊಹರು ಹಾಕಿಸಿಕೊಂಡು. ಇನ್ನೂರು ಮನೆಗಳ ಕಟ್ಟಡ ಯಾವ ಸರ್ವೆ ನಂಬರಿನಲ್ಲಿ ಏಳುತ್ತದೆ ಎಂಬುದು ಪಾಯ ತೆಗೆಯುವ ಮೊದಲೇ ಕಡತದಲ್ಲಿರುತ್ತದೆ. ಇಷ್ಟೊಂದು ಮುನ್ಸೂಚನೆ ಕೊಟ್ಟು ಬೀಳುವ ಬೆಂಕಿಯನ್ನು ಗಾದೆ ಕಟ್ಟಿದವರು ಊಹಿಸಿರಲಾರರು. ಇನ್ನು ಇಡೀ ಊರಿನ ನಕ್ಷೆಯ ಕಥೆ: 2015ರ ಮಾಸ್ಟರ್ ಪ್ಲಾನಿಗೆ 2007ರಲ್ಲಿ ಒಪ್ಪಿಗೆ ಸಿಕ್ಕಿತು, 2031ರ ಕರಡು 2017ರಲ್ಲಿ ಹೊರಬಂದು ಆಮೇಲೆ ವಾಪಸು ಹೋಯಿತು. ತನ್ನ ಹೆಸರಿನಲ್ಲೇ ಅವಧಿ ಬರೆದುಕೊಂಡಿದ್ದ ಯೋಜನೆ ಆ ಅವಧಿ ಮುಗಿದ ಮೇಲೂ ದುಡಿಯುತ್ತಲೇ ಇತ್ತು.

ಬಾವಿ ತೋಡಬೇಕಾದವರು ಯಾರು ಎಂಬುದನ್ನು ಗಾದೆ ಹೇಳುವುದಿಲ್ಲ. ಮನೆಯ ಯಜಮಾನನೇ ಎಂದು ಅದು ನಂಬಿದೆ. ನಗರಕ್ಕೆ ಯಜಮಾನರು ಹಲವರು. ಸಂವಿಧಾನದ 74ನೇ ತಿದ್ದುಪಡಿ ನೀರು ಪೂರೈಕೆಯನ್ನೂ ನಗರ ಯೋಜನೆಯನ್ನೂ ಸ್ಥಳೀಯ ಸಂಸ್ಥೆಗಳಿಗೆ ಕೊಡಬಹುದಾದ ಕೆಲಸಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಿನಲ್ಲಿ ನೀರು 1964ರಿಂದ ಜಲಮಂಡಳಿಯದು. ಯೋಜನೆ ಬಹುಕಾಲ ಬಿಡಿಎಯದು. ಮೊದಲೇ ಇಷ್ಟು ಹಂಚಿಹೋದ ಮನೆಯಲ್ಲಿ 2020ರ ಸೆಪ್ಟೆಂಬರಿನಿಂದ ಚುನಾಯಿತ ಪಾಲಿಕೆಯೂ ಇರಲಿಲ್ಲ. ಕೊನೆಯ ಚುನಾವಣೆ 2015ರ ಆಗಸ್ಟಿನಲ್ಲಿ ನಡೆದದ್ದು. ಅಂದರೆ 2024ರ ಬೇಸಿಗೆಯಲ್ಲಿ ಕೊಡ ಹಿಡಿದು ಹೋಗಿ ಕೇಳೋಣವೆಂದರೆ ಇಡೀ ಬೆಂಗಳೂರಿನಲ್ಲಿ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆ ಐದಾಯಿತು.

ಹಾಗಾಗಿ ‘ಕಾವೇರಿ ತರುತ್ತೇನೆ’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸುವ ವಾರ್ಡಿನ ಅಭ್ಯರ್ಥಿ ತನ್ನದಲ್ಲದ ನೀರನ್ನು ಹಂಚುತ್ತಿದ್ದಾನೆ. ಆ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಬರಬೇಕು. ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿ ಮೇಲಕ್ಕೆತ್ತಬೇಕು. ವಾರ್ಡಿನ ಕೈಯಲ್ಲಿರುವುದು ಬೇರೆ: ಕೆರೆ, ರಾಜಕಾಲುವೆ, ನಕ್ಷೆ ಮಂಜೂರಾತಿಯ ಮೇಲೆ ಒಂದು ಕಣ್ಣು, ವಾರ್ಡ್ ಸಮಿತಿ, ಮತ್ತು ರಸ್ತೆ ಯಾವಾಗ ಹಾಕಬೇಕು ಯಾವಾಗ ಅಗೆಯಬೇಕು ಎಂಬ ವಿವೇಕ. ಕೊನೆಯದು ಕಡಿಮೆ ಎನ್ನಬೇಡಿ. ಡಾಂಬರು ಬಿದ್ದ ತಿಂಗಳಿಗೆ ಒಳಚರಂಡಿಗೆಂದು ಅದೇ ಬೀದಿಯನ್ನು ಅಗೆಯದಂತೆ ನೋಡಿಕೊಂಡರೆ ಸಾಕು, ಆ ಸದಸ್ಯನಿಗೆ ಮೆರವಣಿಗೆ ತೆಗೆಯಬಹುದು.

ನನ್ನನ್ನು ಕೇಳಿದರೆ ಪಟ್ಟಿಯಲ್ಲಿ ಮೊದಲು ಬರಬೇಕಾದದ್ದು ಮಳೆನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಮೂವತ್ತು-ನಲವತ್ತರ ನಿವೇಶನದ ಮೇಲೆ ಬೀಳುವ ನೀರೇ ಲೆಕ್ಕ ಹಾಕಿದರೆ ಒಂದು ಲಕ್ಷ ಲೀಟರ್ ದಾಟುತ್ತದೆ. ಅರ್ಧ ಹಿಡಿದರೂ ಎಂಟು ಟ್ಯಾಂಕರ್. 2009ರಿಂದ ಕಾನೂನೇ ಇದೆ. ಹೊಸ ಮನೆಗೆ ಕೊಯ್ಲಿನ ವ್ಯವಸ್ಥೆ ಕಡ್ಡಾಯ. ಪೈಪು ಇಳಿಸಿ, ಗುಂಡಿ ತೋರಿಸಿ ಫೋಟೊ ತೆಗೆಸಿಕೊಂಡ ಮೇಲೆ ಆ ಗುಂಡಿಗೆ ನೀರು ಇಳಿಯುತ್ತಿದೆಯೇ ಎಂದು ನೋಡಲು ಬಂದವರು ಅಪರೂಪ. ಹಿಡಿಯದ ನೀರು ಎಲ್ಲಿಗೆ ಹೋಗುತ್ತದೆ ಎನ್ನುವುದಕ್ಕೆ ಐದನೇ ಹಂತ ಉದ್ಘಾಟನೆಯಾದ ಅಕ್ಟೋಬರ್ ತಿಂಗಳೇ ಸಾಕ್ಷಿ: ಯಲಹಂಕದ ಕೇಂದ್ರೀಯ ವಿಹಾರದಲ್ಲಿ ಜನರನ್ನು ದೋಣಿಯಲ್ಲಿ ಹೊರಗೆ ಕರೆತಂದರು. ಮಾರ್ಚಿನಲ್ಲಿ ನೀರಿಗೆ ಬಾಯಿಬಿಟ್ಟ ನಗರ ಅದೇ ವರ್ಷ ನೀರಿನಲ್ಲಿ ಮುಳುಗಿತ್ತು.

ಬಾವಿ ತೋಡುವವರು ಕಡುಬೇಸಿಗೆಯಲ್ಲೇ ಕೆಲಸಕ್ಕೆ ಇಳಿಯುತ್ತಿದ್ದರು. ಆಗ ಅಂತರ್ಜಲ ತೀರಾ ಕೆಳಗಿರುತ್ತದೆ. ಆಗ ಸಿಕ್ಕ ನೀರು ವರ್ಷವಿಡೀ ನಿಲ್ಲುತ್ತದೆ. ಗಾದೆಗೆ ಇದನ್ನು ಸೇರಿಸಿಕೊಳ್ಳಬೇಕು. ಬರದ ಬೇಸಿಗೆ ಎಲ್ಲಿ ತೋಡಬೇಕು ಎಂಬುದನ್ನೂ ತೋರಿಸಿಕೊಡುತ್ತದೆ. 2024ರಲ್ಲಿ ಯಾವ ಬೀದಿಯ ನಲ್ಲಿ ಮೊದಲು ನಿಂತಿತು, ಯಾವ ಕೊಳವೆಬಾವಿ ಕೈಬಿಟ್ಟಿತು, ಯಾವ ಕೆರೆಯ ಪಕ್ಕದ ಬಾವಿಯಲ್ಲಿ ಮಾತ್ರ ನೀರಿತ್ತು, ಈ ಪಟ್ಟಿಗಿಂತ ಒಳ್ಳೆಯ ಪ್ರಣಾಳಿಕೆ ವಾರ್ಡಿಗೆ ಬೇಕಿಲ್ಲ. ಅದನ್ನು ಬರೆದಿಟ್ಟುಕೊಂಡ ಅಭ್ಯರ್ಥಿ ಎಷ್ಟು ಮಂದಿ?

ತಪ್ಪು ಅವರೊಬ್ಬರದೇ ಅಲ್ಲ. ಮಣ್ಣಿನೊಳಗೆ ಹೋದ ಪೈಪಿಗೆ ಯಾರೂ ಹಾರ ಹಾಕುವುದಿಲ್ಲ. ಹೂಳೆತ್ತಿದ ಕಾಲುವೆ ಮಳೆಗಾಲದಲ್ಲಿ ಸದ್ದಿಲ್ಲದೆ ಹರಿದುಹೋದರೆ ಅದು ಸುದ್ದಿಯಾಗುವುದಿಲ್ಲ. ಟ್ಯಾಂಕರಿಗೆ ಫೋಟೊ ಅಂಟಿಸಿಕೊಂಡು ಬೀದಿಗೆ ಬಂದವನು ಮಾತ್ರ ನೆನಪಿರುತ್ತಾನೆ. ಬೆಂಕಿ ಆರಿಸಿದವನಿಗೆ ನಾವು ಕೊಡುವ ಮರ್ಯಾದೆಯ ಕಾಲು ಭಾಗವನ್ನು ಬೆಂಕಿ ಬೀಳದಂತೆ ನೋಡಿಕೊಂಡವನಿಗೆ ಕೊಟ್ಟಿದ್ದರೆ ಕರಪತ್ರಗಳ ಸಾಲುಗಳೂ ಬದಲಾಗುತ್ತಿದ್ದವು.

ಓಟು ಕೇಳಲು ಮನೆಗೆ ಬಂದವರನ್ನು ಕೂರಿಸಿ, ಕಾಫಿ ಕೊಟ್ಟು ಕೇಳಿ: ನಮ್ಮ ವಾರ್ಡಿನ ಮಳೆನೀರು ಯಾವ ಕಾಲುವೆಯಲ್ಲಿ ಹರಿದು ಯಾವ ಕೆರೆ ಸೇರುತ್ತದೆ? ಹೆಸರು ಹೇಳಲಾರದವರಿಗೆ ಓಟು ಹಾಕಬೇಡಿ.