ನಿಂಬೆಹಣ್ಣು ಬೇಡವೆಂದವನ ಬಾಟಲಿ

ಕಾರು ಕೊಂಡ ದಿನ ಚಕ್ರದಡಿ ನಿಂಬೆಹಣ್ಣು ಇಡಲು ನಾನು ಒಪ್ಪಲಿಲ್ಲ. ಆಯುಧಪೂಜೆಯಲ್ಲಿ ಬೂದುಗುಂಬಳ ಒಡೆದು ನಡುರಸ್ತೆಯಲ್ಲೇ ಬಿಟ್ಟುಹೋಗುವವರನ್ನು ಕಂಡರೆ ಈಗಲೂ ಸಿಟ್ಟು ಬರುತ್ತದೆ. ಆ ತಿರುಳಿನ ಮೇಲೆ ಜಾರಿ ಬೀಳುವವನು ಹಿಂದಿನಿಂದ ಬರುವ ಸ್ಕೂಟರಿನವನು. ಇಂಥ ನಾನು, ಕೆಲವು ವರ್ಷಗಳ ಹಿಂದೆ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ನಿಂತಿದ್ದಾಗ, ‘ಸಾರ್, ಇಂಜೆಕ್ಟರ್ ಕ್ಲೀನರ್ ಒಂದು ಹಾಕಿಸಿಬಿಡಿ, ಮೈಲೇಜೂ ಬರುತ್ತೆ, ಪಿಕಪ್ಪೂ ಬರುತ್ತೆ’ ಎಂದ ಹುಡುಗನಿಗೆ ಒಂದೇ ಒಂದು ಪ್ರಶ್ನೆ ಕೇಳದೆ ‘ಹಾಕಿ’ ಎಂದುಬಿಟ್ಟೆ. ಟ್ಯಾಂಕಿಗೆ ಪುಟ್ಟದೊಂದು ಬಾಟಲಿ ಸುರಿದರು. ಸಂಜೆ ಬಿಲ್ಲಿನಲ್ಲಿ ಆ ಸಾಲು ನೋಡಿದ ನನ್ನ ಹೆಂಡತಿ ಕೇಳಿದಳು: ‘ನಿಂಬೆಹಣ್ಣಿಗೆ ಐದು ರೂಪಾಯಿ ಆಗ್ತಿತ್ತು ರೀ. ಇದಕ್ಕೆಷ್ಟು?’

ಅದು ತಮಾಷೆಯ ಮಾತು. ಆದರೆ ನನಗೆ ನಗು ಬರಲಿಲ್ಲ. ನಿಂಬೆಹಣ್ಣಿಗೂ ಆ ಬಾಟಲಿಗೂ ಏನು ವ್ಯತ್ಯಾಸ ಎಂದು ಅವಳು ಮುಂದೆ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದರ ಮೇಲೆ ಕುಂಕುಮ, ಇನ್ನೊಂದರ ಮೇಲೆ ಇಂಗ್ಲಿಷ್ ಅಕ್ಷರ. ಒಳಗೇನಿದೆ, ಅದು ಏನು ಮಾಡುತ್ತದೆ ಎಂದು ತಿಳಿಯದೆ ಸುರಿದುಕೊಂಡ ಮೇಲೆ ಅದೂ ತೀರ್ಥವೇ.

ಹಾಗಾಗಿ ಓದತೊಡಗಿದೆ. ಇಂಜೆಕ್ಟರ್ ಎಂದರೆ ಪೆಟ್ರೋಲನ್ನು ಸಣ್ಣ ರಂಧ್ರಗಳಿಂದ ಮಂಜಿನಂತೆ ಚಿಮ್ಮಿಸುವ ಮೂತಿ. ಗಾಡಿ ಓಡುವಾಗ ಹರಿಯುವ ಪೆಟ್ರೋಲೇ ಅದನ್ನು ತಂಪಾಗಿಡುತ್ತದೆ. ತೊಂದರೆ ಶುರುವಾಗುವುದು ಗಾಡಿ ಆಫ್ ಮಾಡಿದ ಮೇಲೆ. ಕಾದ ಎಂಜಿನ್ನಿನ ಬಿಸಿ ಮೇಲೇರಿ, ಮೂತಿಯಲ್ಲಿ ಉಳಿದ ಒಂದೆರಡು ಹನಿ ಆವಿಯಾಗಿ, ಅಂಟಿನಂಥ ಪದರ ಉಳಿಯುತ್ತದೆ. ಹಾಲಿನ ಪಾತ್ರೆಯ ತಳ ಹಿಡಿದಂತೆ. ತರಕಾರಿಗೆ ಎರಡು ಕಿಲೋಮೀಟರ್, ಮಗಳ ಟ್ಯೂಷನ್ನಿಗೆ ಮೂರು ಕಿಲೋಮೀಟರ್ ಎಂದು ದಿನಕ್ಕೆ ನಾಲ್ಕು ಸಲ ಆನ್-ಆಫ್ ಆಗುವ ಗಾಡಿಗೆ ಈ ಕಾಟ ಹೆಚ್ಚು. ಪದರ ಬೆಳೆದರೆ ಮಂಜಿನ ಬದಲು ಧಾರೆ ಬೀಳುತ್ತದೆ, ಐಡಲಿಂಗ್‌ನಲ್ಲಿ ಗಾಡಿ ನಡುಗುತ್ತದೆ, ಎಂಜಿನ್ ಮಿಸ್ ಹೊಡೆಯುತ್ತದೆ.

ಇದು ಮಾರುವವರು ಕಟ್ಟಿದ ಕಥೆಯಲ್ಲ. ಅಮೆರಿಕದಲ್ಲಿ 1980ರ ದಶಕದಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂದಾಗ ಕಾರುಗಳು ನಿಜಕ್ಕೂ ಕೆಮ್ಮತೊಡಗಿದವು. ಪೆಟ್ರೋಲಿಗೆ ಕೊಳೆ ತೆಗೆಯುವ ರಾಸಾಯನಿಕ ಸೇರಿಸಲೇಬೇಕೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 1995ರಿಂದ ನಿಯಮ ಮಾಡಿತು. ಆ ಕನಿಷ್ಠ ಪ್ರಮಾಣ ಸಾಲದೆಂದು ಬಿಎಂಡಬ್ಲ್ಯು, ಜನರಲ್ ಮೋಟಾರ್ಸ್, ಹೋಂಡಾ, ಟೊಯೋಟಾ ಸೇರಿ 2004ರಲ್ಲಿ ‘ಟಾಪ್ ಟಿಯರ್’ ಎಂಬ ಇನ್ನೂ ಬಿಗಿಯಾದ ಮಾನದಂಡ ತಂದವು. ಅಮೆರಿಕದ ವಾಹನ ಸವಾರರ ಸಂಘ ಎಎಎ 2016ರಲ್ಲಿ ಪರೀಕ್ಷೆ ಮಾಡಿಸಿದಾಗ, ಆ ಮಾನದಂಡಕ್ಕೆ ಸೇರದ ಪೆಟ್ರೋಲು ಎಂಜಿನ್ನಿನೊಳಗೆ ಬಿಟ್ಟ ಕೊಳೆ ಸರಾಸರಿ 19 ಪಟ್ಟು ಹೆಚ್ಚಿತ್ತು. ಒಳ್ಳೆಯ ಬಾಟಲಿಗಳಲ್ಲಿ ಇರುವ ಪಾಲಿಈಥರ್ ಅಮೀನ್ ಕೂಡ ಇಂಥದೇ ಕೊಳೆ ತೆಗೆಯುವ ರಾಸಾಯನಿಕ. ಬಿಸಿಯಲ್ಲೂ ಕೆಡದೆ ಆ ಅಂಟನ್ನು ಕರಗಿಸಬಲ್ಲದು.

ಎಂದರೆ, ‘ಎಲ್ಲ ಮೋಸ’ ಎಂದು ಕೈಕೊಡವುವ ವಿಚಾರವಾದಿ ಕೂಡ ತಪ್ಪಿದ. ಅನುಮಾನಕ್ಕೂ ಸೋಮಾರಿತನ ಬರುತ್ತದೆ. ಪರೀಕ್ಷಿಸದೆ ನಂಬುವವನು, ಪರೀಕ್ಷಿಸದೆ ತಳ್ಳಿಹಾಕುವವನು, ಇಬ್ಬರೂ ಒಂದೇ ಹೋಂವರ್ಕ್ ಬಿಟ್ಟವರು.

ನಮ್ಮ ನೆರೆಯಲ್ಲೇ ಅಪ್ಪಟ ಮೋಸದ ಮಾದರಿಯೂ ಇದೆ. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ, ನೀರಿಗೆ ಗಿಡಮೂಲಿಕೆ ಹಾಕಿ ಕುದಿಸಿ ಪೆಟ್ರೋಲು ಮಾಡುತ್ತೇನೆಂದು ದೇಶವನ್ನೇ ಬೆರಗಾಗಿಸಿದ. ಓದಿದವರೂ ನಂಬಿದರು. ಅವನು ‘ಮೂಲಿಕೆ ಪೆಟ್ರೋಲ್’ ಎಂದು ಮಾರಿದ್ದು ಟೊಲ್ಯೂನ್, ನಾಫ್ತಾಗಳ ಕಲಬೆರಕೆ ಎಂದು ಸಿಬಿಐ ಮೊಕದ್ದಮೆ ಹೂಡಿತು. 2016ರಲ್ಲಿ ಚೆನ್ನೈ ನ್ಯಾಯಾಲಯ ಮೂರು ವರ್ಷದ ಶಿಕ್ಷೆ ಕೊಟ್ಟಿತು. ಇಂಥ ಪೂರ್ತಿ ಸುಳ್ಳಿಗೆ ಒಂದು ಅನುಕೂಲವಿದೆ: ಒಂದೇ ಪರೀಕ್ಷೆಗೆ ಒಡೆದುಹೋಗುತ್ತದೆ. ಇಂಜೆಕ್ಟರ್ ಬಾಟಲಿಯ ವಿಷಯ ಹಾಗಲ್ಲ. ಅದರಲ್ಲಿ ನಿಜವಿದೆ, ಒಂದು ಚಿಟಿಕೆ. ಆ ಚಿಟಿಕೆ ನಿಜವನ್ನು ಎಲ್ಲ ಗಾಡಿಗೂ, ಎಲ್ಲ ರೋಗಕ್ಕೂ, ಪ್ರತಿ ಸರ್ವಿಸಿಗೂ ಹಿಗ್ಗಿಸಿ ಮಾರುವುದರಲ್ಲಿ ತಪ್ಪಿರುವುದು.

ಕೊಳೆಯೇ ಇಲ್ಲದ ಇಂಜೆಕ್ಟರನ್ನು ಇನ್ನಷ್ಟು ಚೊಕ್ಕ ಮಾಡಲಾಗದು. ಬಾಟಲಿ ಕೊಡುವುದಿದ್ದರೆ ಕಳೆದುಹೋದದ್ದನ್ನು ವಾಪಸು ಕೊಡಬಹುದು, ಅದಕ್ಕಿಂತ ಒಂದು ಹನಿ ಹೆಚ್ಚು ಇಲ್ಲ. ಜ್ವರವಿಲ್ಲದವನು ಜ್ವರದ ಮಾತ್ರೆ ನುಂಗಿದರೆ ಬಲ ಬರುವುದಿಲ್ಲ. ಸವೆದ ಸ್ಪಾರ್ಕ್ ಪ್ಲಗ್, ಕಟ್ಟಿದ ಏರ್ ಫಿಲ್ಟರ್, ಸುಟ್ಟ ಇಗ್ನಿಷನ್ ಕಾಯಿಲ್ ಇವಕ್ಕೆ ಅದು ಏನೂ ಮಾಡದು. ಈಗಿನ ಅನೇಕ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಇಂಧನ ನೇರವಾಗಿ ಸಿಲಿಂಡರಿನೊಳಗೇ ಚಿಮ್ಮುತ್ತದೆ. ಇನ್‌ಟೇಕ್ ವಾಲ್ವಿನ ಬೆನ್ನನ್ನು ಅದು ಮುಟ್ಟುವುದೇ ಇಲ್ಲ. ಅಲ್ಲಿ ಕಟ್ಟಿದ ಇದ್ದಿಲನ್ನು ತೆಗೆಯಲು ಆಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆಯುತ್ತಾರೆ. ಟ್ಯಾಂಕಿಗೆ ಸುರಿದದ್ದು ಅಲ್ಲಿಗೆ ತಲಪುವ ದಾರಿಯೇ ಇಲ್ಲ. ಆದರೂ ಆ ಕಾರಿನ ಜಾಬ್ ಕಾರ್ಡಿನಲ್ಲೂ ಅದೇ ಸಾಲು.

ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲು ಬಂದ ಮೇಲೆ ಹೊಸ ಭಯ, ಹೊಸ ಬಾಟಲಿ. ಎಥನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಹಳೆಯ ಕಾರುಗಳ ಮೈಲೇಜು ಶೇಕಡಾ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಇಲ್ಲದ ಶಕ್ತಿಯನ್ನು ಯಾವ ಬಾಟಲಿಯೂ ತುಂಬಿಕೊಡಲಾರದು. ಎಥನಾಲಿಗೆ ಹೋಗುವ ಮಂಡ್ಯದ ಕಬ್ಬಿಗೆ ಬೆಲೆ ಬರಲೆಂದು ಈ ಹೊರೆ ಹೊರೋಣ ಎನ್ನುವುದಾದರೆ ಅದು ಚರ್ಚಿಸಬೇಕಾದ ಮಾತು, ಪ್ರಾಮಾಣಿಕವಾದ ಮಾತು. ಬಾಟಲಿ ಆ ಚರ್ಚೆಯನ್ನೇ ಮುಚ್ಚಿಹಾಕುತ್ತದೆ.

‘ಹಾಕಿದ ಮೇಲೆ ಗಾಡಿ ಬೆಣ್ಣೆ ಥರ ಹೋಗ್ತಿದೆ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ದುಡ್ಡು ಕೊಟ್ಟ ಮೇಲೆ ಕಿವಿ ಬೇರೆ ರೀತಿ ಕೇಳುತ್ತದೆ, ಕಾಲು ಆಕ್ಸಿಲರೇಟರಿನ ಮೇಲೆ ಮೆತ್ತಗೆ ಕೂರುತ್ತದೆ. ಅದೇ ಸರ್ವಿಸಿನಲ್ಲಿ ಆಯಿಲ್ ಬದಲಾಗಿರುತ್ತದೆ, ಫಿಲ್ಟರ್ ಬದಲಾಗಿರುತ್ತದೆ, ಚಕ್ರಕ್ಕೆ ಗಾಳಿ ತುಂಬಿರುತ್ತದೆ. ಕೀರ್ತಿ ಮಾತ್ರ ಬಾಟಲಿಗೆ. ಹರಕೆ ಫಲಿಸಿದ ಕಥೆಗಳೂ ಹೀಗೇ ಹುಟ್ಟುವುದು. ನಾನು ಒಂದು ವರ್ಷ ನೋಟ್‌ಬುಕ್ ಇಟ್ಟೆ. ಒಂದೇ ಬಂಕಿನಲ್ಲಿ ಟ್ಯಾಂಕ್ ಫುಲ್, ಮತ್ತೆ ಫುಲ್, ಓಡಿದ ಕಿಲೋಮೀಟರನ್ನು ಲೀಟರಿನಿಂದ ಭಾಗಿಸುವುದು. ನಡುವೆ ಎರಡು ಸಲ ಬಾಟಲಿ. ಬಾಟಲಿ ಇಲ್ಲದ ತಿಂಗಳುಗಳ ನಡುವೆಯೇ ಲೆಕ್ಕ ಎಷ್ಟು ಏರಿಳಿದಿತ್ತೆಂದರೆ, ಬಾಟಲಿ ಹಾಕಿದ ತಿಂಗಳುಗಳು ಅದರೊಳಗೆ ಕಾಣದಂತೆ ಸೇರಿಹೋದವು. ಎಲ್ಲಕ್ಕಿಂತ ದೊಡ್ಡ ಜಿಗಿತ ಬಂದದ್ದು ಶಿವಮೊಗ್ಗಕ್ಕೆ ಹೋಗಿಬಂದ ವಾರ. ಒಂದು ಕಾರಿನ ನೋಟ್‌ಬುಕ್ ವಿಜ್ಞಾನವಲ್ಲ, ಗೊತ್ತು. ಆದರೆ ಅದು ನನ್ನ ನಂಬಿಕೆಯ ತೂಕವನ್ನು ತೋರಿಸಿತು.

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ನಿಯಂತ್ರಿತ ಪರಿಸ್ಥಿತಿಯಲ್ಲಿ ಮಾಡಿ ತೋರಿಸಿ ಎಂಬುದಷ್ಟೇ ಅವರ ಕೋರಿಕೆ. ಅದೇ ವರ್ಷ ಸಂಸತ್ತು ಒಪ್ಪಿದ 42ನೆಯ ತಿದ್ದುಪಡಿ ‘ವೈಜ್ಞಾನಿಕ ಮನೋಭಾವ’ವನ್ನು ನಾಗರಿಕನ ಕರ್ತವ್ಯವಾಗಿಸಿತು, ಆ ಒಂದೇ ಸಾಲಿನಲ್ಲಿ, ಅದರ ಪಕ್ಕದಲ್ಲೇ, ‘ಮಾನವತೆ’ ಎಂಬ ಪದವೂ ಇದೆ. ಎರಡನ್ನೂ ಒಟ್ಟಿಗೆ ಇಟ್ಟವರು ಯಾರೋ, ಅವರು ಜಾಣರು. ಬಾಬಾಗಳನ್ನು ಪ್ರಶ್ನಿಸಿದ ನಮ್ಮ ಪೀಳಿಗೆ ಕೌಂಟರನ್ನು ಪ್ರಶ್ನಿಸಲು ಮರೆತಿತು.

ನನಗೆ ಬಾಟಲಿಯ ಆ ಕೆಲವು ನೂರು ರೂಪಾಯಿ ಒಂದು ಊಟದ ಬಿಲ್ಲು. ಒಮ್ಮೆ ವಿಮಾನ ನಿಲ್ದಾಣಕ್ಕೆ ಬಿಟ್ಟ ಟ್ಯಾಕ್ಸಿಯ ಯುವಕ ಹೇಳಿದ: ‘ಗಾಡಿ ಜರ್ಕ್ ಹೊಡೀತಿತ್ತು ಸಾರ್. ತಿಂಗಳಿಗೊಂದು ಬಾಟ್ಲಿ, ಐದು ತಿಂಗಳು ಹಾಕ್ದೆ. ಕೊನೆಗೆ ನಮ್ಮೂರ ಮೆಕ್ಯಾನಿಕ್ಕು ನೋಡಿ ಕಾಯಿಲ್ ಹೋಗಿದೆ ಅಂದ.’ ಮಾಗಡಿ ಕಡೆಯವನು. ಲೋನಿನ ಗಾಡಿ. ಆ ಐದು ಬಾಟಲಿಗಳ ದುಡ್ಡು ಅವನ ಮನೆಯ ಯಾವ ಡಬ್ಬಿಯಿಂದ ಬಂತೋ. ‘ಯಾಕೆ ಹಾಕಬೇಕು, ಏನು ನೋಡಿ ಹೇಳ್ತಿದ್ದೀರಿ’ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ನನಗೆ ಧೈರ್ಯವಿದ್ದೂ ಕೇಳಬೇಕೆನಿಸಲಿಲ್ಲ. ಯಾರದು ದೊಡ್ಡ ತಪ್ಪು?

ಈ ಸಲ ಸರ್ವಿಸಿಗೆ ಬಿಟ್ಟಾಗ ಕೌಂಟರಿನಲ್ಲಿ ಹೊಸ ಹುಡುಗ. ಜಾಬ್ ಕಾರ್ಡಿನಲ್ಲಿ ಅದೇ ಸಾಲು ಮೊದಲೇ ಟಿಕ್ ಆಗಿತ್ತು. ‘ಸ್ಕ್ಯಾನರ್ ಹಾಕಿ ನೋಡಿದ್ರಾ? ಇಂಜೆಕ್ಟರ್ ಕಟ್ಟಿದೆ ಅಂತ ಹೇಗೆ ಗೊತ್ತಾಯ್ತು?’ ಎಂದು ಕೇಳಿದೆ. ಅವನು ಹಿಂದೆ ತಿರುಗಿ ಗಾಜಿನ ಕೋಣೆಯತ್ತ ಒಮ್ಮೆ ನೋಡಿದ. ಪೆನ್ನನ್ನು ನನ್ನ ಕಡೆ ಸರಿಸಿ, ಮೆಲ್ಲಗೆ ಅಂದ: ‘ನಿಮ್ಮ ಗಾಡಿಗೆ ಬೇಡ ಸಾರ್. ಆದ್ರೆ ಬೇಡ ಅಂತ ನೀವೇ ಹೊಡೆದುಹಾಕಿ, ಇಲ್ಲಿ ಸೈನ್ ಮಾಡಿ. ನಾನು ಹೇಳಿದ್ದು ಅಂತ ಆಗೋದು ಬೇಡ.’