ದೇವರ ಮನೆಯ ಹೊಗೆ, ಮಗುವಿನ ಉಸಿರು

ಅಸ್ತಮಾ ಇರುವ ಮಗು ಮನೆಯಲ್ಲಿದ್ದರೆ ಪೂಜೆಯ ಹೊಗೆ ಒಂದು ಧರ್ಮಪ್ರಶ್ನೆಯಾಗುತ್ತದೆ. ಊದುಬತ್ತಿ, ಸಾಂಬ್ರಾಣಿ, ಕರ್ಪೂರ, ಹೋಮದ ಹೊಗೆ ಉಬ್ಬಸವನ್ನು ಕೆರಳಿಸುತ್ತವೆ ಎಂದು ವೈದ್ಯರು ಹೇಳಿದಾಗ ಮನೆಯ ಹಿರಿಯರನ್ನು ಕಾಡುವುದು ಒಂದು ಅಳುಕು: ಧೂಪವಿಲ್ಲದೆ ಪೂಜೆ ಪೂರ್ತಿಯಾದೀತೇ, ದೇವರ ಸೇವೆಯಲ್ಲಿ ಕೊರತೆ ಮಾಡಿದರೆ ಮಗುವಿಗೆ ಒಳ್ಳೆಯದಾದೀತೇ? ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಶ್ರದ್ಧೆಯಿಂದ ಹುಟ್ಟಿದ ಪ್ರಶ್ನೆಗೆ ಶ್ರದ್ಧೆಯ ಒಳಗಿನಿಂದಲೇ ಉತ್ತರ ಸಿಗಬೇಕು. ಆ ಉತ್ತರ ಶಾಸ್ತ್ರಗಳಲ್ಲಿದೆ, ಸಾಕಷ್ಟು ಸ್ಪಷ್ಟವಾಗಿಯೇ ಇದೆ.

ಅಸ್ತಮಾದಲ್ಲಿ ಶ್ವಾಸನಾಳಗಳ ಒಳಪದರ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ಧೂಳು, ಹೊಗೆ, ಪರಾಗ, ಶೀತಗಾಳಿ ಅಥವಾ ನೆಗಡಿಯ ವೈರಸ್ ತಾಕಿದರೆ ನಾಳಗಳ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೆ ಕಫ ಕೂಡುತ್ತದೆ. ಎಳೆದುಕೊಂಡ ಉಸಿರನ್ನು ಹೊರಬಿಡುವುದೇ ಕಷ್ಟವಾಗಿ ಎದೆ ಸುಂಯ್‌ಗುಟ್ಟುತ್ತದೆ. ಮಕ್ಕಳ ನಾಳಗಳು ಮೊದಲೇ ಸಣ್ಣವು. ಜೊತೆಗೆ ಅವರು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುವುದರಿಂದ ಅದೇ ಕೋಣೆಯ ಹೊಗೆ ಮಗುವಿನ ಮೈತೂಕಕ್ಕೆ ಹೋಲಿಸಿದರೆ ಹೆಚ್ಚಾಗಿಯೇ ಒಳಗೆ ಸೇರುತ್ತದೆ. ಒಂದು ಗ್ರಾಂ ಊದುಬತ್ತಿ ಉರಿದಾಗ ಸುಮಾರು 45 ಮಿಲಿಗ್ರಾಂ ಸೂಕ್ಷ್ಮಕಣಗಳು ಗಾಳಿಗೆ ಬರುತ್ತವೆ ಎಂದು ಲೆಕ್ಕ ಹಾಕಲಾಗಿದೆ. ಒಂದು ಗ್ರಾಂ ಸಿಗರೇಟಿನಿಂದ ಬರುವುದು ಸುಮಾರು 10 ಮಿಲಿಗ್ರಾಂ. ಹೊಗೆ ಎದ್ದದ್ದು ದೇವರ ಮುಂದೆಯೋ ಬೀದಿಯಲ್ಲೋ ಎಂಬುದು ಶ್ವಾಸನಾಳಕ್ಕೆ ಗೊತ್ತಾಗುವುದಿಲ್ಲ.

ಕನ್ನಡದ ಮನೆಗಳಲ್ಲಿ ಈ ಹೊಗೆ ಪೂಜೆಗಷ್ಟೇ ಸೀಮಿತವಲ್ಲ. ಹಸುಗೂಸಿಗೆ ಎಣ್ಣೆ ನೀರು ಹಾಕಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಪುಡಿ ಉದುರಿಸಿ, ಮೇಲೆ ಬುಟ್ಟಿ ಬೋರಲು ಹಾಕಿ, ಆ ಹೊಗೆಗೆ ಮಗುವಿನ ತಲೆ ಒಡ್ಡುವ ರೂಢಿ ಇದೆ. ಮಗು ಸುಮ್ಮನೆ ರಚ್ಚೆ ಹಿಡಿದರೆ ದೃಷ್ಟಿ ತಾಕಿತೆಂದು ಉಪ್ಪು, ಒಣ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಆ ಘಾಟಿಗೆ ದೊಡ್ಡವರೂ ಕೆಮ್ಮಿ ಹೊರಗೆ ಓಡುತ್ತಾರೆ. ಎರಡರ ಹಿಂದೆಯೂ ಇರುವುದು ಮಗುವನ್ನು ಕಾಯಬೇಕೆಂಬ ಪ್ರೀತಿ. ಉಬ್ಬಸದ ಮಗುವಿನ ಮಟ್ಟಿಗೆ ಆ ಪ್ರೀತಿ ಬೇರೆ ದಾರಿ ಹಿಡಿಯಬೇಕು. ನಿವಾಳಿಸಿದ್ದನ್ನು ಒಲೆಗೆ ಹಾಕುವ ಬದಲು ಮನೆಯಾಚೆ ಚೆಲ್ಲಿದರೂ ನಡೆಯುತ್ತದೆ, ಎಷ್ಟೋ ಮನೆಗಳಲ್ಲಿ ನಡೆದಿರುವುದೂ ಹಾಗೆಯೇ.

ಈಗ ಪೂಜೆಯ ವಿಚಾರ. ಪಂಚೋಪಚಾರಗಳಲ್ಲಿ ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ ಸೇರಿವೆ, ಷೋಡಶೋಪಚಾರದಲ್ಲಿಯೂ ಧೂಪವಿದೆ. ಅಂದರೆ ಧೂಪಕ್ಕೆ ವಿಧಿಯ ಬಲವಿದೆ, ಇದನ್ನು ಅಲ್ಲಗಳೆಯಲಾಗದು. ಆದರೆ ವಿಧಿಯಲ್ಲಿ ಹೇಳಿದ ಒಂದು ಅಂಗ ಒದಗದಿದ್ದಾಗ ಏನು ಮಾಡಬೇಕು ಎಂಬುದನ್ನು ಪೂರ್ವಮೀಮಾಂಸೆಯಷ್ಟು ಕಟ್ಟುನಿಟ್ಟಾಗಿ ವಿಚಾರಿಸಿದ ಶಾಸ್ತ್ರ ಮತ್ತೊಂದಿಲ್ಲ. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದ ಪೂರ್ತಿ ಈ ಬಗೆಯ ಚರ್ಚೆಗೇ ಮೀಸಲು. ಅಲ್ಲಿನ ನಿರ್ಣಯ ಎರಡು ತೆರ. ಇಂಥ ಫಲ ಬೇಕೆಂದು ಮಾಡುವ ಕಾಮ್ಯಕರ್ಮ ಎಲ್ಲ ಅಂಗಗಳೊಡನೆ ನಡೆದರೆ ಮಾತ್ರ ಫಲ. ದಿನವೂ ಮಾಡಲೇಬೇಕಾದ ನಿತ್ಯಕರ್ಮದಲ್ಲಿ ಪ್ರಧಾನವನ್ನು ಬಿಡಬಾರದು, ಅಂಗಗಳನ್ನು ಶಕ್ತಿ ಇದ್ದಷ್ಟು ನಡೆಸಿದರೆ ಸಾಕು. ಮನೆಯ ದಿನನಿತ್ಯದ ಪೂಜೆ ಈ ಎರಡನೆಯ ಗುಂಪಿಗೆ ಸೇರಿದ್ದು.

ಅದೇ ಪಾದದಲ್ಲಿ ಪ್ರತಿನಿಧಿ ದ್ರವ್ಯದ ಮಾತೂ ಬರುತ್ತದೆ. ಯಾಗಕ್ಕೆ ಹೇಳಿದ ಭತ್ತ ಸಿಗದಿದ್ದರೆ ನೀವಾರವೆಂಬ ಕಾಡುಭತ್ತ, ಸೋಮಲತೆ ಸಿಗದಿದ್ದರೆ ಪೂತೀಕ. ದೇವತೆಗೆ, ಮಂತ್ರಕ್ಕೆ ಪ್ರತಿನಿಧಿ ಇಲ್ಲ, ದ್ರವ್ಯಕ್ಕೆ ಇದೆ. ಪುರೋಹಿತರು ವಸ್ತ್ರ, ಆಭರಣ ಇಲ್ಲದಾಗ ಆ ಉಪಚಾರದ ಹೆಸರು ಹೇಳಿ ಅಕ್ಷತೆ ಹಾಕಿಸುವುದು ಇದೇ ತತ್ವದ ಮೇಲೆ. ಚಿನ್ನದ ಆಭರಣಕ್ಕೆ ಬದಲಾಗಿ ನಾಲ್ಕು ಕಾಳು ಅಕ್ಷತೆ ಸಲ್ಲುವುದಾದರೆ ಧೂಪದ ಹೊತ್ತಿಗೂ ಅದು ಸಲ್ಲಬೇಕು. ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಕೃಷ್ಣ ಭಕ್ತಿಯಿಂದ ಕೊಟ್ಟರೆ ಸ್ವೀಕರಿಸುವೆನೆಂದು ಹೆಸರಿಸುವುದು ಎಲೆ, ಹೂವು, ಹಣ್ಣು, ನೀರು. ಆ ಪಟ್ಟಿಯಲ್ಲಿ ಧೂಪವಿಲ್ಲ. ಭಾಗವತದ ಹನ್ನೊಂದನೆಯ ಸ್ಕಂಧ ಎಂಟು ಬಗೆಯ ಪ್ರತಿಮೆಗಳನ್ನು ಹೇಳುವಾಗ ಮನಸ್ಸಿನಲ್ಲೇ ಕಟ್ಟಿಕೊಂಡ ಮೂರ್ತಿಯನ್ನೂ ಸೇರಿಸುತ್ತದೆ. ಮೂರ್ತಿಯೇ ಮಾನಸಿಕವಾಗಬಹುದಾದಲ್ಲಿ ಹೊಗೆ ಯಾಕಾಗಬಾರದು? ಇವುಗಳ ಜೊತೆ ತೇಯ್ದ ಗಂಧ, ತುಪ್ಪದ ಸಣ್ಣ ದೀಪ ಇದ್ದರೆ ದೇವರ ಮನೆಗೆ ಪರಿಮಳಕ್ಕೂ ಕೊರತೆಯಿಲ್ಲ, ಬೆಳಕಿಗೂ ಇಲ್ಲ.

ಭಾಗವತದ ಅದೇ ಸ್ಕಂಧ ದೇವಾಲಯದ ಕಸ ಗುಡಿಸುವುದನ್ನೂ ಸಾರಿಸುವುದನ್ನೂ ಭಕ್ತಿಯ ಸೇವೆಗಳ ಸಾಲಿಗೆ ಸೇರಿಸುತ್ತದೆ. ಉಬ್ಬಸದ ಮಗುವಿಗೆ ಇದಕ್ಕಿಂತ ಉಪಕಾರದ ಸೇವೆ ಬೇರೆ ಇರಲಾರದು. ದೇವರ ಪಟದ ಹಿಂದೆ ಕೂತ ಧೂಳು, ಬಾಡಿದರೂ ತೆಗೆಯದ ಹಾರ, ಬೂಸ್ಟು ಹಿಡಿದ ಗೋಡೆ, ತಿಂಗಳುಗಟ್ಟಲೆ ಒಗೆಯದ ದಿಂಬಿನ ಚೀಲ—ಇವೆಲ್ಲ ಹೊಗೆಯಷ್ಟೇ ಕಾಡುತ್ತವೆ. ಹಾಸಿಗೆಯಲ್ಲಿರುವ, ಕಣ್ಣಿಗೆ ಕಾಣದ ಧೂಳುಹುಳಗಳು ಸಾಯಬೇಕಾದರೆ ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆಯಬೇಕು. ಒಣ ಪೊರಕೆಯಿಂದ ಗುಡಿಸಿದರೆ ಧೂಳು ಎದ್ದು ಮತ್ತೆ ಮಗುವಿನ ಮೂಗಿಗೇ ಬರುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದು ಮೇಲು. ಗುಡಿಸಲೇಬೇಕಾದ ಹೊತ್ತಿಗೆ ಮಗು ಬೇರೆ ಕೋಣೆಯಲ್ಲಿರಲಿ. ಸೊಳ್ಳೆಬತ್ತಿಯ ಬದಲು ಸೊಳ್ಳೆಪರದೆ. ಮನೆಯೊಳಗೆ ಬೀಡಿ ಸಿಗರೇಟು ಸೇದುವವರಿದ್ದರೆ ಊದುಬತ್ತಿಯೊಂದನ್ನೇ ನಿಲ್ಲಿಸಿ ಪ್ರಯೋಜನವಿಲ್ಲ. ಮೊದಲು ನಿಲ್ಲಬೇಕಾದದ್ದು ಆ ಸೇದುವಿಕೆ.

ಇಲ್ಲಿಯವರೆಗಿನದು ಧೂಪವನ್ನು ಬಿಡಲು ಇರುವ ಅನುಮತಿಯ ಮಾತು. ಉಪನಿಷತ್ತುಗಳು ಇನ್ನೂ ಮುಂದೆ ಹೋಗುತ್ತವೆ. ಛಾಂದೋಗ್ಯದ ಐದನೆಯ ಅಧ್ಯಾಯದಲ್ಲಿ ಮಾತು, ಕಣ್ಣು, ಕಿವಿ, ಮನಸ್ಸು, ಪ್ರಾಣ ತಮ್ಮಲ್ಲಿ ಹೆಚ್ಚಿನವರು ಯಾರೆಂದು ಜಗಳವಾಡುತ್ತವೆ. ಒಂದೊಂದಾಗಿ ದೇಹ ಬಿಟ್ಟು ವರ್ಷ ಕಳೆದು ಮರಳಿ ನೋಡಿದರೆ ದೇಹ ಹೇಗೋ ಬದುಕಿರುತ್ತದೆ, ಮೂಕನಂತೆ, ಕುರುಡನಂತೆ, ಕಿವುಡನಂತೆ. ಪ್ರಾಣ ಹೊರಡಲು ಎದ್ದಾಗ ಮಾತ್ರ ಉಳಿದೆಲ್ಲ ಇಂದ್ರಿಯಗಳು ಬುಡಸಹಿತ ಕಿತ್ತುಬರುತ್ತವೆ, ನೀನೇ ಶ್ರೇಷ್ಠ, ಹೋಗಬೇಡ ಎನ್ನುತ್ತವೆ. ಅದೇ ಅಧ್ಯಾಯದ ಕೊನೆಯಲ್ಲಿ ಪ್ರಾಣಾಗ್ನಿಹೋತ್ರ ಬರುತ್ತದೆ: ಊಟದ ಮೊದಲ ತುತ್ತುಗಳನ್ನು ಪ್ರಾಣಾದಿ ಐದು ವಾಯುಗಳಿಗೆ ಆಹುತಿಯಾಗಿ ಕೊಡುವ ಉಪಾಸನೆ. ಎಲೆಯ ಸುತ್ತ ನೀರು ಸುತ್ತಿಸಿ ಪ್ರಾಣಾಹುತಿ ತೆಗೆದುಕೊಂಡು ಊಟಕ್ಕೆ ತೊಡಗುವ ಹಿರಿಯರು ಇಂದಿಗೂ ಆ ಹೋಮವನ್ನೇ ಮಾಡುತ್ತಿದ್ದಾರೆ. ಹೊರಗೆ ಬೆಂಕಿಯಿಲ್ಲ, ಹೊಗೆಯಿಲ್ಲ, ಆದರೂ ಅದು ಹೋಮ. ಕೌಷೀತಕಿ ಉಪನಿಷತ್ತು ಉಸಿರಾಟವನ್ನೇ ಎಡೆಬಿಡದ ಅಗ್ನಿಹೋತ್ರವೆಂದು ಕರೆದು, ಇದನ್ನರಿತ ಪೂರ್ವಿಕರು ಹೊರಗಿನ ಅಗ್ನಿಹೋತ್ರ ಮಾಡಲಿಲ್ಲ ಎಂದುಬಿಡುತ್ತದೆ.

ಕರ್ನಾಟಕದ ಎರಡು ಪರಂಪರೆಗಳಲ್ಲಿ ಈ ವಿಚಾರ ಮನೆಮಾತಾಗಿ ಬೆಳೆದಿದೆ. ಮಾಧ್ವರಿಗೆ ಮುಖ್ಯಪ್ರಾಣನೇ ಜೀವೋತ್ತಮ. ಪ್ರತಿ ಜೀವಿಯೊಳಗೆ ದಿನಕ್ಕೆ 21,600 ಬಾರಿ ಉಸಿರಿನ ರೂಪದಲ್ಲಿ ಹಂಸಮಂತ್ರದ ಜಪ ನಡೆಸುವವನು ಅವನೇ. ವೀರಶೈವ ಲಿಂಗಾಯತರಲ್ಲಿ ಅಂಗೈಯ ಇಷ್ಟಲಿಂಗದಿಂದ ಸಾಧಕನು ಪ್ರಾಣಲಿಂಗಕ್ಕೆ ಏರುತ್ತಾನೆ. ಅಲ್ಲಿ ಪೂಜೆಯ ಸ್ಥಾನ ಪ್ರಾಣವೇ. ಈ ಮಾತುಗಳನ್ನು ನಂಬುವುದಾದರೆ ಪಕ್ಕೆ ಒಳಕ್ಕೆ ಎಳೆದುಕೊಂಡು ಒಂದೊಂದು ಉಸಿರಿಗೂ ಹೆಣಗುವ ಮಗುವಿನೊಳಗೆ ತಡೆಗೊಂಡಿರುವುದು ಜಪವೇ, ಲಿಂಗವೇ. ಮುಖ್ಯಪ್ರಾಣನ ಪಟಕ್ಕೆ ಹೊಗೆ ತೋರಿಸಿ, ಮುಖ್ಯಪ್ರಾಣ ನೆಲೆಸಿದ ಎದೆಯನ್ನು ಕಟ್ಟಿಸುವುದು ಸೇವೆಯಾಗದು. ಆದ್ದರಿಂದ ಧೂಪ ಬಿಡುವುದು ಅನಿವಾರ್ಯಕ್ಕೆ ಮಾಡಿಕೊಂಡ ರಾಜಿಯಲ್ಲ. ಪ್ರಧಾನವನ್ನು ಉಳಿಸಲು ಅಂಗವನ್ನು ಬಿಟ್ಟದ್ದು.

ಬೇರೆ ಧರ್ಮಗಳಲ್ಲಿಯೂ ತೀರ್ಪು ಭಿನ್ನವಾಗಿಲ್ಲ. ದರ್ಗಾಗಳಲ್ಲೂ ಹಲವು ಮುಸ್ಲಿಂ ಮನೆಗಳಲ್ಲೂ ಲೋಬಾನ ಹಾಕುವ ರೂಢಿ ಇದೆ, ಆದರೆ ಅದು ನಮಾಜಿನ ಅಂಗವಲ್ಲ. ಹಾನಿ ಮಾಡಬಾರದು, ಹಾನಿಗೆ ಹಾನಿ ಸಲ್ಲದು ಎಂಬ ಪ್ರವಾದಿಯ ನುಡಿಯನ್ನು ಇಸ್ಲಾಮಿನ ನ್ಯಾಯಶಾಸ್ತ್ರ ಒಂದು ಮೂಲಸೂತ್ರವಾಗಿ ಬಳಸುತ್ತದೆ. ಕುರ್‌ಆನಿನ ಎರಡನೆಯ ಅಧ್ಯಾಯ ರೋಗಿಗಳಿಗೆ ರಂಜಾನ್ ಉಪವಾಸದಿಂದಲೇ ವಿನಾಯಿತಿ ಕೊಟ್ಟಿದೆ. ಕ್ಯಾಥೊಲಿಕರ ಪೂಜಾವಿಧಿಯಲ್ಲಿ ಧೂಪ ಐಚ್ಛಿಕ. ಜೈನರ ಅಷ್ಟದ್ರವ್ಯಗಳಲ್ಲಿ ಧೂಪವಿದೆ. ಆದರೂ ಹಿಂಸೆಯಾದೀತೆಂದು ಹಸಿ ಹೂವಿನ ಬದಲು ಕೇಸರಿ ಬಣ್ಣದ ಅಕ್ಕಿಯನ್ನು ಅರ್ಪಿಸುವ ಶ್ರಾವಕರು ಅವರಲ್ಲಿದ್ದಾರೆ. ಹೂವಿನ ಜೀವಕ್ಕೆ ತೋರುವ ಎಚ್ಚರ ಮಗುವಿನ ಉಸಿರಿಗೂ ಒದಗಬೇಕಾದ್ದು ಸಹಜ.

ಇದಕ್ಕಿಂತ ಆಳವಾಗಿ ನೋಯಿಸುವ ಪ್ರಶ್ನೆ ಕರ್ಮದ್ದು. ಏನೂ ಅರಿಯದ ಕೂಸಿಗೆ ಈ ಕಷ್ಟ ಯಾಕೆ, ಯಾವ ಜನ್ಮದ ಪಾಪ, ಯಾರ ಪಾಪ ಎಂದು ತಾಯಂದಿರು ಕೊರಗುತ್ತಾರೆ. ಕೆಲವೊಮ್ಮೆ ಮನೆಯವರೇ ಆ ಮಾತನ್ನು ಅವರ ಮೇಲೆ ಎಸೆಯುತ್ತಾರೆ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಶಿಷ್ಯ ಅಗ್ನಿವೇಶ ಗುರು ಆತ್ರೇಯನನ್ನು ಕೇಳುವುದು ಇದಕ್ಕೆ ಹತ್ತಿರದ ಪ್ರಶ್ನೆ: ಆಯುಷ್ಯ ಮೊದಲೇ ನಿಗದಿಯಾದದ್ದೇ? ಹಾಗಿದ್ದರೆ ಮಂತ್ರ, ಔಷಧ, ಹೋಮ, ಉಪವಾಸ ಯಾವುದೂ ಬೇಕಿರಲಿಲ್ಲ, ಮದವೇರಿದ ಆನೆಯ ದಾರಿಯಿಂದ ಸರಿಯಬೇಕಾಗಿಯೂ ಇರಲಿಲ್ಲ ಎಂಬುದು ಆತ್ರೇಯನ ಉತ್ತರದ ಸಾರ. ದೈವದ ಜೊತೆ ಪುರುಷಪ್ರಯತ್ನವೂ ಸೇರಿಯೇ ಬದುಕು ನಡೆಯುತ್ತದೆ. ಅದೇ ಗ್ರಂಥದ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯ ಶ್ವಾಸರೋಗದ ಕಾರಣಗಳನ್ನು ಹೇಳತೊಡಗುವುದು ಧೂಳು, ಹೊಗೆ, ಗಾಳಿಯಿಂದ. ಅಸ್ತಮಾವನ್ನು ಹೋಲುವ ತಮಕಶ್ವಾಸ ಮೋಡ, ಶೀತ, ಮೂಡಣ ಗಾಳಿಗೆ ಹೆಚ್ಚುತ್ತದೆ, ಕೂತರೆ ರೋಗಿಗೆ ಹಿತವೆನಿಸುತ್ತದೆ ಎಂಬ ವಿವರ ಇಂದಿಗೂ ಯಾವ ತಾಯಿಯೂ ಗುರುತಿಸಬಲ್ಲಂಥದು. ಚರಕ ಶ್ವಾಸಕ್ಕೆ ಔಷಧೀಯ ಧೂಮಪಾನವನ್ನೂ ಹೇಳಿದ್ದಾನೆ ಎಂಬುದು ನಿಜ. ಅದನ್ನು ಹಿಡಿದುಕೊಂಡು ಮಗುವಿಗೆ ಹೊಗೆ ಕೊಡುವುದಕ್ಕೆ ಇಂದಿನ ತಿಳಿವಳಿಕೆಯಲ್ಲಿ ಆಧಾರವಿಲ್ಲ.

ನಂಬಿಕೆ ಮತ್ತು ಔಷಧಿ ಮುಖಾಮುಖಿಯಾಗುವ ಇನ್ನೊಂದು ಸಂದರ್ಭ ಮೃಗಶಿರಾ ಮಳೆಯದು. ಜೂನ್ ಮೊದಲ ಭಾಗದಲ್ಲಿ ಆ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ಬತ್ತಿನಿ ಗೌಡ್ ಮನೆತನದವರು ಹಳದಿ ಬಣ್ಣದ ಔಷಧಿಯನ್ನು ಜೀವಂತ ಸಣ್ಣ ಮೀನಿನ ಬಾಯಲ್ಲಿಟ್ಟು ಉಬ್ಬಸದವರಿಗೆ ನುಂಗಿಸುತ್ತಾರೆ. ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿ ಕೊಡುತ್ತಾರೆ. ದುಡ್ಡು ಮುಟ್ಟುವುದಿಲ್ಲ. ಕರ್ನಾಟಕದಿಂದಲೂ ಮಕ್ಕಳನ್ನು ಕರೆದುಕೊಂಡು ಜನ ಹೋಗುತ್ತಾರೆ. ಇದರಿಂದ ಅಸ್ತಮಾ ವಾಸಿಯಾಗುತ್ತದೆ ಎನ್ನಲು ವೈಜ್ಞಾನಿಕ ಪುರಾವೆ ಇಲ್ಲ, ಉಸಿರು ಕಟ್ಟಿರುವ ಪುಟ್ಟ ಮಗುವಿನ ಗಂಟಲಿಗೆ ಮೀನು ಇಳಿಸುವುದರಲ್ಲಿ ಅಪಾಯವೂ ಇದೆ. ಈ ಮೀನಿನ ಪ್ರಸಾದದ ಮೇಲಿನ ಭರವಸೆಯಿಂದ ದಿನದ ಇನ್‌ಹೇಲರ್ ನಿಲ್ಲಿಸಿಬಿಡುವುದು ಇನ್ನೂ ದೊಡ್ಡ ಅಪಾಯ.

ಇನ್ನು ಇನ್‌ಹೇಲರ್. ಅದು ಚಟವಾಗುತ್ತದೆ, ಕಟ್ಟಕಡೆಯ ಮದ್ದು ಎಂಬ ಮಾತುಗಳೆರಡೂ ಸುಳ್ಳು. ಮೈಕ್ರೊಗ್ರಾಂ ಲೆಕ್ಕದ ಔಷಧಿ ನೇರ ಶ್ವಾಸನಾಳಕ್ಕೆ ಹೋಗುವುದರಿಂದ ಸಿರಪ್ಪು ಮಾತ್ರೆಗಳಿಗಿಂತ ಕಡಿಮೆ ಪ್ರಮಾಣ ಸಾಕಾಗುತ್ತದೆ. ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಇನ್‌ಹೇಲರನ್ನು ವೈದ್ಯರು ಹೇಳಿದಷ್ಟು ಕಾಲ, ಮಗು ಚೆನ್ನಾಗಿದ್ದಾಗಲೂ ತಪ್ಪದೆ ಕೊಡಬೇಕು. ಸಾಲ್ಬುಟಮಾಲಿನಂಥದು ಉಬ್ಬಸ ಎದ್ದಾಗ ಬಿಗಿ ಸಡಿಲಿಸಲು. ಸಣ್ಣ ಮಗುವಿಗೆ ಮಾಸ್ಕ್ ಇರುವ ಸ್ಪೇಸರ್ ಬೇಕು: ಡಬ್ಬಿ ಅಲ್ಲಾಡಿಸಿ, ಮಾಸ್ಕನ್ನು ಮೂಗು ಬಾಯಿಗೆ ಸಂದಿಲ್ಲದಂತೆ ಒತ್ತಿ ಹಿಡಿದು, ಒಂದು ಸಲ ಒತ್ತಿ, ಐದಾರು ಉಸಿರು ಎಳೆಯುವವರೆಗೆ ಬಿಡಬಾರದು. ಸ್ಟಿರಾಯ್ಡ್ ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿ ಮುಖ ಒರೆಸಬೇಕು. ಔಷಧಿ ಕೊಟ್ಟರೂ ಸುಧಾರಿಸದಿದ್ದರೆ, ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ ಅಥವಾ ತುಟಿ ನೀಲಿಗಟ್ಟಿದರೆ ಹರಕೆ ಹೊತ್ತು ಕೂರುವ ಹೊತ್ತಲ್ಲ. ತಕ್ಷಣ ಆಸ್ಪತ್ರೆಗೆ ಹೊರಡಬೇಕು. ಹರಕೆಯನ್ನು ದಾರಿಯಲ್ಲೂ ಹೊರಬಹುದು.

ಸ್ವಂತ ಮನೆಯ ಧೂಪವನ್ನು ಮನೆಯವರು ನಿಲ್ಲಿಸಿಯಾರು. ನೆರೆಯ ಹೋಮದ ಹೊಗೆ, ಬೀದಿಯ ಪಟಾಕಿ? ಇಲ್ಲಿ ಪ್ರಶ್ನೆ ಧರ್ಮದಿಂದ ಕಾನೂನಿಗೆ ದಾಟುತ್ತದೆ. ಸಂವಿಧಾನದ 25ನೆಯ ವಿಧಿ ಧರ್ಮಾಚರಣೆಯ ಸ್ವಾತಂತ್ರ್ಯವನ್ನು ಕೊಡುವ ಮೊದಲೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಅದನ್ನು ಒಳಪಡಿಸಿದೆ. 2015ರಲ್ಲಿ ದೆಹಲಿಯ ಮೂವರು ಎಳೆಯ ಮಕ್ಕಳ ಹೆಸರಿನಲ್ಲಿ ಅವರ ತಂದೆಯರು ಪಟಾಕಿಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಅರ್ಜುನ್ ಗೋಪಾಲ್ ಪ್ರಕರಣವೆಂದು ಹೆಸರಾದ ಈ ದಾವೆಯಲ್ಲಿ 2018ರ ಅಕ್ಟೋಬರ್ 23ರಂದು ಬಂದ ತೀರ್ಪು, 25ನೆಯ ವಿಧಿ ಜೀವಿಸುವ ಹಕ್ಕಿನ 21ನೆಯ ವಿಧಿಗೆ ಅಧೀನವೆಂದು ಹೇಳಿತು; ಜನರ ಆರೋಗ್ಯಕ್ಕೆ, ಜೀವಕ್ಕೆ ಕುತ್ತು ತರುವ ಆಚರಣೆಗೆ ಧರ್ಮಸ್ವಾತಂತ್ರ್ಯದ ರಕ್ಷಣೆ ಇಲ್ಲವೆಂದಿತು. ದೀಪಾವಳಿಯ ರಾತ್ರಿ 8ರಿಂದ 10ರವರೆಗೆ ಮಾತ್ರ, ಅದೂ ಹಸಿರು ಪಟಾಕಿಗೆ ಅವಕಾಶ ಕೊಟ್ಟಿತು. ಆ ಸಮಯದ ಮಿತಿ ಎಷ್ಟು ಕೇರಿಗಳಲ್ಲಿ ಪಾಲನೆಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಹಬ್ಬಕ್ಕೆ ಕೆಲವು ವಾರ ಮೊದಲೇ ಮಗುವನ್ನು ವೈದ್ಯರಿಗೆ ತೋರಿಸಿ ದಿನದ ಔಷಧಿ ಸರಿಯಾಗಿ ನಡೆಯುತ್ತಿದೆಯೇ ನೋಡಿಕೊಳ್ಳಬೇಕು, ಪಟಾಕಿಯ ಹೊತ್ತಿಗೆ ಕಿಟಕಿ ಮುಚ್ಚಿ ಮಗುವನ್ನು ಒಳಕೋಣೆಯಲ್ಲಿರಿಸಬೇಕು, ಇನ್‌ಹೇಲರ್ ಮತ್ತು ಸ್ಪೇಸರ್ ಕೈಗೆ ಸಿಗುವ ಕಡೆ ಇಟ್ಟಿರಬೇಕು, ನೆರೆಮನೆಯವರಿಗೆ ಮಗುವಿನ ತೊಂದರೆಯನ್ನು ಮೊದಲೇ ತಿಳಿಸಿರಬೇಕು.